ನಮ್ಮತ್ತೆಯ ಲೈಟು

ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ್ದೇನೆಂಬ ಜಂಬ ನನಗೆ ಚನ್ನಪಟ್ಟಣದಿಂದ ಮಾಗಡಿ ಕಡೆಯ ಈ ಹಳ್ಳಿಗೆ ಸೊಸೆಯಾಗಿ ಬರುವವರೆಗೂ ಇತ್ತು. ಅದನ್ನು ಇಳಿಸಿದವರು ನಮ್ಮತ್ತೆ. ಶಾಲೆಯ ಮೆಟ್ಟಿಲು ಹತ್ತದ ಅವರು ಇಡೀ ಇಂಗ್ಲಿಷಿನಿಂದ ಒಂದೇ ಪದವನ್ನು ಮೆಚ್ಚಿ ಮನೆಗೆ ತಂದುಕೊಂಡಿದ್ದರು: ಲೈಟು.

ಮಾಸಿದ ಸೀರೆ ಲೈಟು. ನೀರು ಹೆಚ್ಚಾದ ಹಾಲೂ ಲೈಟು. ಅಂಗಳವೆಲ್ಲ ಕೆರೆಯಾದ ಮಳೆ "ಲೈಟಾಗಿ ಹನೀತು". ಪಕ್ಕದ ಮನೆಯವರೊಂದಿಗೆ ಬೀದಿಯೆಲ್ಲ ಸೇರುವಂತೆ ಜಗಳವಾಡಿ ಬಂದು, "ಲೈಟಾಗಿ ಮಾತಾಯ್ತು" ಎಂದು ಸೆರಗು ಕೊಡವಿದರು. "ಲೈಟಾಗಿ ಉಣ್ಣವ್ವ" ಎಂದು ಮೊದಲ ದಿನವೇ ನನ್ನ ತಟ್ಟೆಗೆ ಹಾಕಿದ್ದು ಎರಡು ಮುದ್ದೆ. ನನ್ನ ನಿಘಂಟು ಅಟ್ಟ ಸೇರಿತು.

ಎಲ್ಲದರಲ್ಲೂ ಸಲೀಸಾಗಿದ್ದ ಅತ್ತೆ ರೇಷ್ಮೆ ಹುಳದ ಮನೆಗೆ ಮಾತ್ರ ನನ್ನನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. "ಓದ್ದೋಳ ಕೈಗೆ ಹುಳ ಬಗ್ಗಾಕಿಲ್ಲ" ಎನ್ನುತ್ತಿದ್ದರು. ಮೂರು ವರ್ಷ ಆ ಬಾಗಿಲಲ್ಲೇ ನಿಂತಿದ್ದೆ. ನನಗೆ ನಿಜಕ್ಕೂ ನೋವಾಗುತ್ತಿತ್ತು.

ಕಳೆದ ವರ್ಷ ಹುಳಗಳು ಪೊರೆ ಕಳಚುವ ನಾಲ್ಕನೇ ಜ್ವರದಿಂದ ಎದ್ದು, ಹಾಕಿದಷ್ಟೂ ಸೊಪ್ಪು ಮುಕ್ಕುತ್ತಿದ್ದ ವಾರ. ಒಂದು ಬೆಳಿಗ್ಗೆ ಅತ್ತೆ ಹುಳದ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಕಾಲು ಊದಿತ್ತು.

"ಲೈಟಾಗಿ ಜಾರ್ದೆ ಕಣವ್ವ."

ಎಳೆದುಕೊಂಡು ಮಾಗಡಿಗೆ ಹೋದೆ. ಡಾಕ್ಟರು ನೋವಿದೆಯಾ ಎಂದು ಕೇಳಿದರು.

"ಲೈಟಾಗಿ ಐತೆ ಸಾ."

ಅವರು ಮುಲಾಮು ಬರೆಯಲು ಹೊರಟರು. ನನಗೆ ತಡೆಯಲಾಗಲಿಲ್ಲ. "ಸಾರ್, ನಮ್ಮನೇಲಿ ಲೈಟಾಗಿ ಅಂದ್ರೆ ಎರಡು ಮುದ್ದೆ. ಎಕ್ಸ್‌ರೇ ತೆಗೀರಿ."

ಅತ್ತೆ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಮೂಳೆ ಮುರಿದಿತ್ತು. ಸಿಮೆಂಟು ಪಟ್ಟಿ ಹಾಕುವಾಗಲೂ ಅವರದು ಒಂದೇ ಗೋಳು: "ಹುಳಕ್ಕೆ ಸೊಪ್ಪು ಯಾರು ಹಾಕಾರು? ಅದ್ಕೇ ಯೋಳ್ನಿಲ್ಲ."

ಬೇರೆ ದಾರಿ ಇರಲಿಲ್ಲ. ಯಜಮಾನರು ತೋಟದಿಂದ ಸೊಪ್ಪು ತಂದರು, ನಾನು ಹಾಕಿದೆ. ಅತ್ತೆ ಬಾಗಿಲಲ್ಲೇ ಮಂಚ ಹಾಕಿಸಿಕೊಂಡು ಕಾವಲು ಕೂತರು. ಮೊದಲ ದಿನವೇ, "ಪೌಡ್ರು ಬಳ್ಕೊಂಡು ಬಂದಿದ್ದೀಯಾ? ಹುಳ ಏನು ನಿನ್ನ ನೋಡಾಕೆ ಬಂದಿರೋ ಗಂಡಾ?" ಎಂದು ವಾಪಸು ಕಳಿಸಿದರು. ಮುಖ, ಕೈಕಾಲು ತೊಳೆದು ಬಂದೆ. ಸೊಪ್ಪು ದಪ್ಪ ಬಿದ್ದರೂ ಬೈಗುಳ, ತೆಳ್ಳಗೆ ಬಿದ್ದರೂ ಬೈಗುಳ. ಹುಳ ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹತ್ತುವವರೆಗೂ ನನಗೆ ಅನ್ನ ಸೇರಲಿಲ್ಲ.

ಗೂಡು ಬಿಡಿಸಿದ ದಿನ ಒಂದನ್ನು ಕೈಗೆ ಕೊಟ್ಟೆ. ಅತ್ತೆ ಹೆಬ್ಬೆರಳಿನಲ್ಲಿ ಒತ್ತಿದರು. ಕಿವಿಯ ಬಳಿ ಅಲ್ಲಾಡಿಸಿದರು.

"ಲೈಟಾಗಿ ಚೆನ್ನಾಗೈತೆ."

ಹಿತ್ತಿಲಿಗೆ ಓಡಿಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಒಳಗೆ ಬಂದರೆ, "ಕಣ್ಣು ಯಾಕವ್ವ ಕೆಂಪಗವೆ?" ಎಂದರು.

"ಲೈಟಾಗಿ ಧೂಳು ಬಿತ್ತು, ಅತ್ತೆ."

ಗೂಡಿನಿಂದ ಕಣ್ಣೆತ್ತದೆ ಅತ್ತೆ ಕೇಳಿದರು:

"ಎರಡು ಮುದ್ದೆಯಷ್ಟಾ?"