ಗಾಡಿ ಬಿಸಿಯಾಗುವ ತನಕ

ನಾವು ದಿಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ನನ್ನ ಗಂಡನಿಗೆ ಅವರ ಆಫೀಸಿನವರೊಬ್ಬರು ಒಂದು ಪಾಠ ಹೇಳಿಕೊಟ್ಟಿದ್ದರು. ಚಳಿಯಲ್ಲಿ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಓಡಿಸಬಾರದು, ಹತ್ತು ನಿಮಿಷ ಹಾಗೇ ಬಿಡಬೇಕು, ಇಲ್ಲದಿದ್ದರೆ ಇಂಜಿನ್ ಹಾಳಾಗುತ್ತದೆ ಎಂದು. ನಾನು ಹೇಳಿದ ಒಂದು ಮಾತನ್ನಾದರೂ ಇಷ್ಟು ನಿಷ್ಠೆಯಿಂದ ಪಾಲಿಸಿದವರಲ್ಲ ನಮ್ಮವರು. ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಸ್ನಾನ ಮುಗಿಸಿ, ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು, ಕ್ವಾರ್ಟರ್ಸಿನ ಹಿಂದಿರುವ ಗ್ಯಾರೇಜಿನ ಬಾಗಿಲು ತೆಗೆದು ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನನಗೆ ಆ ಗುರುಗುರು ಕೇಳಿಸುತ್ತಿತ್ತು. ಅದರ ಜೊತೆಗೆ ಹೊಗೆಯ ವಾಸನೆಯೂ ಬರುತ್ತಿತ್ತು.

"ಗಾಡಿ ಆಚೆ ತೆಗೆದು ನಿಲ್ಲಿಸಿಕೊಂಡು ಏನಾದ್ರೂ ಮಾಡ್ಕೊಳ್ಳಿ, ಗ್ಯಾರೇಜಲ್ಲೇ ಯಾಕೆ?" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಆಚೆ ನಿಲ್ಲಿಸಿದರೆ ಗಾಜಿನ ತುಂಬ ಮಂಜು ಕೂರುತ್ತದೆ ಎನ್ನುವುದು ಅವರ ಉತ್ತರ. ಬಾಗಿಲು ಹೇಗೂ ತೆರೆದೇ ಇರುತ್ತದಲ್ಲ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಮಾವ ತೀರಿಕೊಂಡ ಮೇಲೆ ಅತ್ತೆ ರಾಯಚೂರಿನಿಂದ ನಮ್ಮ ಜೊತೆ ಇರಲು ಬಂದರು. ರಾಯಚೂರಿನವರಿಗೆ ಚಳಿ ಎಂದರೆ ಫ್ಯಾನಿನ ವೇಗ ಕಡಿಮೆ ಮಾಡುವುದು, ಅಷ್ಟೇ. ಇಲ್ಲಿಯ ಜನವರಿ ಅವರಿಗೆ ಅರ್ಥವೇ ಆಗಲಿಲ್ಲ. ಎರಡು ಸ್ವೆಟರು, ಮೇಲೊಂದು ಶಾಲು, ತಲೆಗೆ ಮಗನ ಹಳೆಯ ಮಫ್ಲರು, ಇಷ್ಟಾದರೂ ನಡುಗುತ್ತಿದ್ದರು. ಕೋಣೆಯ ಹೀಟರಿನ ಮುಂದೆ ಕೂತರೆ ಕಣ್ಣು ಉರಿಯುತ್ತದೆ ಎನ್ನುತ್ತಿದ್ದರು. "ನಿಮ್ಮ ಮನ್ಯಾಗ ಗ್ವಾಡಿನೂ ಥಣ್ಣಗ ಅದವಾ," ಎಂದು ನನ್ನನ್ನೇ ದೂರುತ್ತಿದ್ದರು, ಆ ಗೋಡೆ ನಾನೇ ಕಟ್ಟಿಸಿದ್ದೆನೋ ಎಂಬಂತೆ.

ಒಂದು ಬೆಳಿಗ್ಗೆ ನಮ್ಮವರು ಗಾಡಿ ಬಿಸಿ ಮಾಡುತ್ತಿದ್ದಾಗ ಅತ್ತೆ ಹೋಗಿ ಅದರೊಳಗೆ ಕೂತರು. ಗಾಡಿಯ ಹೀಟರಿನ ಬಿಸಿಗಾಳಿ ಕಾಲಿಗೆ ಬಡಿದದ್ದೇ ತಡ, ಅವರ ಮುಖ ಅರಳಿತು. ಮಾರನೆಯ ದಿನದಿಂದ ಅದೇ ಪದ್ಧತಿಯಾಯಿತು. ಗ್ಯಾರೇಜಿನ ಬಾಗಿಲು ಕಿರ್ರೆಂದರೆ ಸಾಕು, ಅತ್ತೆ ಶಾಲು ಹೊದ್ದು, ಚಪ್ಪಲಿ ಮೆಟ್ಟಿ, ಯಾವುದೋ ಮದುವೆಗೆ ಹೊರಟವರ ಹಾಗೆ ಸಿದ್ಧರಾಗುತ್ತಿದ್ದರು. ತಾಯಿ ಮಗ ಮುಂದಿನ ಸೀಟುಗಳಲ್ಲಿ ಕೂರುತ್ತಿದ್ದರು. ನಾನು ಎರಡು ಲೋಟ ಕಾಫಿ ಅಲ್ಲಿಗೇ ಒಯ್ಯಬೇಕು.

ಒಯ್ಯುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಮನೆಯಲ್ಲಿ ಈ ಮನುಷ್ಯ ಹೂಂ, ಹಾಂ ಬಿಟ್ಟು ಮೂರನೆಯ ಮಾತು ಆಡುವುದಿಲ್ಲ. ಮಗಳು ಹುಟ್ಟಿ ಬೆಳೆದದ್ದೇ ಇಲ್ಲಿ, ಅವಳ ಅರ್ಧ ಮಾತು ಹಿಂದಿ. ನನ್ನದು ತುಮಕೂರಿನ ಕನ್ನಡ; ಅದು "ಬಾಳ ನಾಜೂಕು" ಎಂದು ಅತ್ತೆ ನಗುತ್ತಾರೆ. ಆದರೆ ಆ ಗಾಡಿಯೊಳಗೆ ಗಾಜೆಲ್ಲ ಉಸಿರಿಗೆ ಮಸುಕಾಗಿ, ಇಬ್ಬರೂ ಅವರೂರಿನ ಮಾತಿನಲ್ಲಿ ಯಾರದೋ ಹೊಲದ ಜಗಳ, ಯಾರದೋ ಮಗಳ ಸಂಬಂಧ ಎಂದು ಹರಟುತ್ತಿರುತ್ತಿದ್ದರು. ಒಮ್ಮೆ ನಮ್ಮವರು ಗಟ್ಟಿಯಾಗಿ ನಕ್ಕದ್ದು ಕೇಳಿ, ಯಾರಿದು ಎಂದು ನಾನು ಬಗ್ಗಿ ನೋಡಿದ್ದೆ.

ಈ ಸಲ ಸಂಸತ್ತಿನ ಚಳಿಗಾಲದ ಅಧಿವೇಶನ ನಡೆಯುತ್ತಿದ್ದಾಗ ಆದ ಮಾತಿದು. ಆ ದಿನಗಳಲ್ಲಿ ನಮ್ಮವರ ಇಲಾಖೆಯಲ್ಲಿ ಯಾರಿಗೂ ಜೀವದಲ್ಲಿ ಜೀವ ಇರುವುದಿಲ್ಲ. ಯಾವ ಸದಸ್ಯರು ಏನು ಪ್ರಶ್ನೆ ಕೇಳುತ್ತಾರೋ, ಉತ್ತರ ಇವರು ತಯಾರು ಮಾಡಬೇಕು. ಅಂದು ಬೆಳಿಗ್ಗೆ ಗಾಡಿಯಲ್ಲಿ ಕೂತಿದ್ದಾಗಲೇ ಮೇಲಧಿಕಾರಿಯ ಫೋನ್ ಬಂತು. ಉತ್ತರದಲ್ಲಿ ಏನೋ ತಿದ್ದಬೇಕು, ಈಗಲೇ ಕಳಿಸಿ ಎಂದರಂತೆ. ಇವರು ಇಂಜಿನ್ ಆರಿಸದೆ, "ಅವ್ವ, ಈಗ ಬಂದೆ," ಎಂದು ಒಳಗೆ ಬಂದು ಲ್ಯಾಪ್‌ಟಾಪ್ ತೆರೆದು ಕೂತರು. ನಾನು ಹಾಲು ಉಕ್ಕಿತೆಂದು ಒಲೆ ಒರೆಸುತ್ತಿದ್ದೆ. ಕಾಫಿ ತಡವಾಯಿತು.

ಲೋಟ ಹಿಡಿದು ಹೋದರೆ ಗ್ಯಾರೇಜಿನ ಬಾಗಿಲಿನ ಎರಡೂ ಕದ ಮುಚ್ಚಿದ್ದವು. ಒಳಗೆ ಇಂಜಿನ್ ಓಡುತ್ತಿತ್ತು.

ಲೋಟ ಎಲ್ಲಿ ಬಿಟ್ಟೆನೋ ತಿಳಿಯದು. ಬಾಗಿಲು ಎಳೆದಾಗ ಹೊಗೆ ಮುಖಕ್ಕೆ ರಾಚಿತು. ಅತ್ತೆಯ ತಲೆ ಕಿಟಕಿಯ ಗಾಜಿಗೆ ಒರಗಿತ್ತು. ನಿದ್ದೆ ಬಂದವರಂತಿದ್ದರು, ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಇವರ ಹೆಸರು ಹಿಡಿದು ಕೂಗಿದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಗಂಡನ ಹೆಸರು ಹಿಡಿದು ಕೂಗಿದ್ದು ಅದೊಂದೇ ಸಲ. ಇಬ್ಬರೂ ಸೇರಿ ಅತ್ತೆಯನ್ನು ಹೊರಗೆಳೆದು, ತಣ್ಣನೆಯ ಸಿಮೆಂಟಿನ ಮೇಲೆ ಮಲಗಿಸಿದೆವು. ಉಸಿರಿತ್ತು. ಅದೇ ಗಾಡಿಯ ಬಾಗಿಲು, ಕಿಟಕಿ ಎಲ್ಲ ತೆರೆದು ಹೊಗೆ ಹೋಗಲು ಬಿಟ್ಟು, ಅದರಲ್ಲೇ ಅವರನ್ನು ಹಾಕಿಕೊಂಡು ಆಸ್ಪತ್ರೆಗೆ ಹೊರಟೆವು. ಮಂಜಿನ ಗಾಳಿ ಒಳಗೆಲ್ಲ ಸುರಿಯುತ್ತಿತ್ತು. ಅತ್ತೆಯ ಕೈಯನ್ನು ನಾನು ನನ್ನ ಎರಡೂ ಕೈಯಲ್ಲಿ ಉಜ್ಜುತ್ತಿದ್ದೆ.

ಆಮ್ಲಜನಕ ಹಾಕಿ ಮಲಗಿಸಿದ ಮೇಲೆ ಡಾಕ್ಟರು ಹೊರಗೆ ಬಂದು, ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ಸ್ವಲ್ಪ ತಡವಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದರು. ಬಾಗಿಲು ಮುಚ್ಚಿದವರು ಯಾರು ಎಂದೂ ಹಿಂದಿಯಲ್ಲಿ ಕೇಳಿದರು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಸಂಜೆ ಅತ್ತೆಯೇ ಹೇಳಿದರು. "ನಾನs ಹಾಕ್ದೆ. ಅವ ಒಳಗ ಹ್ವಾದ. ಥಂಡಿ ಗಾಳಿ ಬರ್ತಿತ್ತು. ಅವ ತಿರುಗಿ ಬರೂತನಕ ಬೆಚ್ಚಗಿರಲಿ ಅಂತ."

ಅವರು ಬೇರೆ ಏನು ಮಾಡಬೇಕಿತ್ತು? ಅವರ ಊರಿನಲ್ಲಿ ಏಪ್ರಿಲ್ ಬಂದರೆ ಹೊತ್ತೇರುವ ಮುಂಚೆ ಎಲ್ಲ ಬಾಗಿಲು, ಕಿಟಕಿ ಹಾಕಿ ರಾತ್ರಿಯ ತಂಪನ್ನು ಮನೆಯೊಳಗೇ ಹಿಡಿದಿಡುತ್ತಾರೆ. ಬಾಗಿಲು ತೆರೆದಿಟ್ಟ ಸೊಸೆಗೆ ಬೈಗುಳ ಗ್ಯಾರಂಟಿ, ನಾನೂ ತಿಂದಿದ್ದೇನೆ. ಹೊರಗಿನ ಹವೆ ಕೆಟ್ಟದ್ದು, ಒಳಗಿನದು ಒಳ್ಳೆಯದು, ಬಾಗಿಲು ಹಾಕಿದವರು ಜಾಣರು. ಜೀವಮಾನವೆಲ್ಲ ಸರಿಯಾಗಿದ್ದ ಲೆಕ್ಕ ಅದು.

ನನ್ನ ಸಿಟ್ಟೆಲ್ಲ ಗಂಡನ ಮೇಲೆ ತಿರುಗಿತು. ಈಗಿನ ಗಾಡಿಗಳಿಗೆ ಹೀಗೆ ಬಿಸಿ ಮಾಡುವುದು ಬೇಕಾಗಿಲ್ಲ, ಅರ್ಧ ನಿಮಿಷ ಸಾಕು ಎಂದು ಮಗಳು ಹೋದ ವರ್ಷವೇ ಮೊಬೈಲಿನಲ್ಲಿ ತೋರಿಸಿದ್ದಳು. "ಪಪ್ಪಾ, ಯೇ ಸಬ್ ಪುರಾನಿ ಬಾತ್ ಹೈ, ಬಿಟ್ಬಿಡಿ," ಎಂದಿದ್ದಳು. ಆಸ್ಪತ್ರೆಯ ಕಾರಿಡಾರಿನಲ್ಲಿ ಅದನ್ನೇ ಎತ್ತಿದೆ.

"ಅವಳು ಹೇಳಿರ್ಲಿಲ್ವಾ ನಿಮಗೆ? ಯಾಕೆ ನಿಲ್ಲಿಸ್ಲಿಲ್ಲ?"

"ಗೊತ್ತಿತ್ತು," ಎಂದರು.

"ಗೊತ್ತಿದ್ದೂ ಮತ್ಯಾಕೆ?"

"ಅವ್ವ ಚಪ್ಪಲಿ ಹಾಕ್ಕೊಂಡು ಕೂತಿರ್ತಿದ್ಳಲ್ಲ," ಎಂದು ಗೋಡೆಯ ಕಡೆ ತಿರುಗಿದರು.

ಅತ್ತೆ ಮನೆಗೆ ಬಂದರು. ಸ್ವಲ್ಪ ದಿನ ತಲೆನೋವು, ಸುಸ್ತು ಇತ್ತು, ಆಮೇಲೆ ಅದೂ ಹೋಯಿತು. ಗಾಡಿ ಬಿಸಿ ಮಾಡುವುದು ಅಂದಿಗೇ ನಿಂತಿತು. ಇವರು ಈಗ ಗಾಡಿಯನ್ನು ಬಯಲಿನಲ್ಲೇ ನಿಲ್ಲಿಸುತ್ತಾರೆ, ಗಾಜು ಒರೆಸುತ್ತಾರೆ, ಹೊರಟುಬಿಡುತ್ತಾರೆ. ಉಳಿದ ಆ ಹತ್ತು ನಿಮಿಷ ಮನೆಯಲ್ಲೇ ತಾಯಿಯ ಹತ್ತಿರ ಕೂತು ಮಾತಾಡಿ ಎಂದು ನಾನೇ ಹೇಳಿದೆ. ಒಂದು ದಿನ ಕೂತರು. ಟಿವಿಯಲ್ಲಿ ಹಿಂದಿ ಸುದ್ದಿ ಬರುತ್ತಿತ್ತು. "ಊಟ ಸೇರ್ತದೇನವ್ವ?" ಎಂದರು. "ಹೂಂ," ಎಂದರು ಅತ್ತೆ. ಅಷ್ಟರಲ್ಲಿ ಫೋನ್ ಬಂತು. ಮಾರನೆಯ ದಿನದಿಂದ ರಸ್ತೆಯಲ್ಲಿ ಜಾಮ್ ಆಗುತ್ತದೆಂದು ಇನ್ನೂ ಬೇಗ ಹೊರಡತೊಡಗಿದರು. ತಾಯಿಯ ಮುಖ ನೋಡಲು ಅವರಿಗೆ ಭಯ ಎಂದು ನನಗೆ ಗೊತ್ತು. ಅತ್ತೆಗೆ ಅದು ಗೊತ್ತಿಲ್ಲ. ಮಗ ಸಿಟ್ಟಾಗಿದ್ದಾನೆ ಎಂದು ಅವರು ತಿಳಿದಿದ್ದಾರೆ. ಇಬ್ಬರಿಗೂ ಹೇಳಿ ನೋಡಿದೆ. ಇಬ್ಬರೂ ತಲೆಯಾಡಿಸಿದರು, ಅಷ್ಟೇ.

ನಿನ್ನೆ ಬೆಳಿಗ್ಗೆ ಗಾಡಿ ಗೇಟು ದಾಟಿದ ಸದ್ದಾಯಿತು. ನಾನು ಕಾಫಿ ತಂದಾಗ ಅತ್ತೆ ಮಂಚದ ತುದಿಯಲ್ಲಿ ಶಾಲು ಹೊದ್ದು, ಚಪ್ಪಲಿ ಮೆಟ್ಟಿ ಕೂತಿದ್ದರು. ಲೋಟ ತೆಗೆದುಕೊಂಡು, ನನ್ನ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ತಪ್ಪು ಮಾಡಿದ ಮಕ್ಕಳು ಮಾತಾಡುವಷ್ಟು ಮೆಲ್ಲಗೆ ಹೇಳಿದರು:

"ಅವನಿಗಿ ನೀನರ ಹೇಳವಾ. ಇನ್ನ ಬಾಗಲಾ ಹಾಕಂಗಿಲ್ಲ ನಾ. ಎಷ್ಟರ ಥಂಡಿ ಇರಲಿ, ತಗದs ಇಡ್ತೀನಿ ಅಂತ ಹೇಳು."