ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಕಲಿತ ಇಂಗ್ಲಿಷ್

ಮೈಸೂರಿನ ಕಾಲೇಜಿನಲ್ಲಿ ಮೊದಲ ದಿನವೇ ನನ್ನ ಕನ್ನಡಕ್ಕೆ ಎಲ್ಲರೂ ನಕ್ಕರು. ಬೆಂಚಿನಲ್ಲಿ ಕೂತಿದ್ದವಳಿಗೆ ‘ಜರಾ ಸರೀರಿ’ ಎಂದಿದ್ದೆ, ಅಷ್ಟೇ. ತುಸು ಜರುಗಿ ಎನ್ನಲು ನಮ್ಮ ಬೀದರ್ ಕಡೆ ಹಾಗೆಯೇ ಹೇಳುವುದು. ಕನ್ನಡನಾಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು ನಾನು ಪರದೇಶಿಯಾಗಿದ್ದೆ. ಹಾಸ್ಟೆಲಿನಲ್ಲಿ ಜೋಳದ ರೊಟ್ಟಿಯ ಬದಲು ಮುದ್ದೆ. ನಮ್ಮಲ್ಲಿ ರೊಟ್ಟಿ ಅಗಿದಷ್ಟೂ ರುಚಿ. ಇಲ್ಲಿ ಮುದ್ದೆ ಅಗಿದರೆ ನಗು. ಕೆಲವು ತಿಂಗಳು ನಾನು ಬಾಯಿ ತೆರೆದದ್ದು ಊಟಕ್ಕೆ ಮಾತ್ರ.

ತೊಂಬತ್ತರ ದಶಕದ ಕೊನೆ ಅದು. ಇಂಗ್ಲಿಷ್ ಕಲಿಸುತ್ತಿದ್ದ ನಳಿನಿ ಮೇಡಂ ಆ ವರ್ಷ ಪ್ರಬಂಧ ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ಊರೊಳಗೆ ಹೋಗಿ ಜನರನ್ನು ಮಾತಾಡಿಸಿ, ಕೇಳಿದ್ದನ್ನು ತರಗತಿಯೆದುರು ಇಂಗ್ಲಿಷಿನಲ್ಲಿ ಹೇಳಿ ಎಂದರು. ಇದನ್ನವರು ಪ್ರಾಜೆಕ್ಟ್ ಎಂದು ಕರೆದರು. ಪ್ರಾಜೆಕ್ಟ್ ಅಂದರೆ ಅಣೆಕಟ್ಟು ಎಂದಷ್ಟೇ ನನಗೆ ಗೊತ್ತಿತ್ತು. ನನ್ನ ಜೋಡಿ ಮೈಸೂರಿನದೇ ಕೃಷ್ಣಮೂರ್ತಿಪುರಂನ ಸುಧಾ, ಕಾನ್ವೆಂಟಿನಲ್ಲಿ ಓದಿದವಳು. ಊರಂಚಿನ ಹೆಬ್ಬಾಳದ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುವ ಹೆಂಗಸರನ್ನು ಕಾಣಲು ಹೋದೆವು.

ಬಸ್‌ಸ್ಟಾಪಿನಲ್ಲಿ ಸುಧಾ ಎಷ್ಟು ನಯವಾಗಿ ಕೇಳಿದರೂ ಅವರು ಹೂಂ, ಉಹೂಂ ದಾಟಲಿಲ್ಲ. ಅಷ್ಟರಲ್ಲಿ ಒಬ್ಬಾಕೆ ಪಕ್ಕದವಳಿಗೆ ಏನೋ ಹೇಳಿದ್ದು ಕಿವಿಗೆ ಬಿತ್ತು. ನಮ್ಮ ಕಡೆಯ ರಾಗ. ‘ಯಾ ಊರವ್ವಾ ನಿಂದು?’ ಎಂದುಬಿಟ್ಟೆ. ಆಕೆ ಭಾಲ್ಕಿಯ ಶರಣಮ್ಮ. ಬಂದ ಬಸ್ಸನ್ನೂ ಬಿಟ್ಟು ಮಾತಾಡುತ್ತಲೇ ಹೋದಳು. ‘ಊರ ನೆನಪಾಯ್ತಂದ್ರ ಉಂಡದ್ದು ಮೈಗಿ ಹತ್ತಲ್ಲ ನೋಡವ್ವ’ ಅಂದಳು.

ವಾಪಸಾಗುವಾಗ ಸುಧಾ, ‘ಇದನ್ನ ನೀನೇ ಹೇಳ್ಬುಡು ಕಣೇ. ನಾನು ಹೇಳಿದ್ರೆ ಬರೀ ಇಂಗ್ಲಿಷ್ ಆಗುತ್ತೆ’ ಎಂದಳು.

ತರಗತಿಯ ಮುಂದೆ ನಿಂತು ಶರಣಮ್ಮನ ಮಾತನ್ನು ಮೊದಲು ಅವಳ ಕನ್ನಡದಲ್ಲೇ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ನಿಲ್ಲಿಸಲಿಲ್ಲ. ತಕ್ಕ ಪದ ತೋಚದೆ, ಗೊತ್ತಿದ್ದ ಪದಗಳನ್ನೇ ಜೋಡಿಸಿದೆ: ‘ಐ ಈಟ್, ಬಟ್ ದ ಫುಡ್ ಡಸ್ ನಾಟ್ ಬಿಕಮ್ ಮಿ.’

ಮೇಡಂ ಅದನ್ನು ಇನ್ನೊಮ್ಮೆ ಹೇಳಿಸಿದರು, ತಿದ್ದಲಿಲ್ಲ. ಅಂದು ಹಾಸ್ಟೆಲಿಗೆ ನಡೆದುಹೋದ ನನ್ನ ಠೀವಿ ನೋಡಿದ್ದರೆ ಅರಮನೆಯೇ ಇವಳದು ಎಂದುಕೊಳ್ಳಬೇಕಿತ್ತು.

ರಜೆಯಲ್ಲಿ ಊರಿಗೆ ಹೋದಾಗ ಅಪ್ಪ ನೆಂಟರೆದುರು ನನ್ನಿಂದ ಇಂಗ್ಲಿಷ್ ಮಾತಾಡಿಸಿ ಮೀಸೆ ತಿರುವಿದ. ಮಾತಿನ ನಡುವೆ ನನಗೇ ತಿಳಿಯದೆ ‘ಬಂದ್ಬುಟ್ಟೆ’ ಎಂದೆ. ‘ನಮ್ಮಾಕಿ ಮೈಸೂರಾಕಿ ಆದ್ಳು’ ಎಂದು ಅವ್ವ ಹೆಮ್ಮೆಯಿಂದಲೇ ನಕ್ಕಳು. ಊಟದ ಹೊತ್ತಿಗೆ ಎಂದಿನಂತೆ ಒಲೆಯ ಬಳಿ ಅವಳ ಪಕ್ಕ ಕೂರಲು ಹೋದೆ. ಅವ್ವ ಆಗಲೇ ನನ್ನ ತಾಟನ್ನು ನಡುಮನೆಯಲ್ಲಿ, ನೆಂಟರ ಸಾಲಿನಲ್ಲಿ ಇಟ್ಟಿದ್ದಳು.