ಮೇಕೆ ಪಾಲಿನ ಸೊಪ್ಪು

ರಾಮನಗರದ ಆ ಬೀದಿಯಲ್ಲಿ ಚಿಪ್ಸ್ ಪಾಕೀಟು ತೂಗುಹಾಕಿದ ಅಂಗಡಿಗಳು ಐದಿವೆ, ತರಕಾರಿ ಅಂಗಡಿ ಒಂದೂ ಇಲ್ಲ. ಸೊಪ್ಪಿನ ಗಾಡಿ ಮೇನ್ ರೋಡಿನಿಂದಲೇ ತಿರುಗಿಕೊಂಡು ಹೋಗುತ್ತದೆ. ಮುನಿತಾಯಮ್ಮ ರೇಷ್ಮೆ ಗೂಡು ಬೇಯಿಸುವ ಕೆಲಸ ಮುಗಿಸಿ ಪೇಟೆ ಸೇರುವಷ್ಟರಲ್ಲಿ ಉಳಿದಿರುವುದು ಹಳದಿಗೆ ತಿರುಗಿದ ಕಂತೆ. ಮಗಳು ಸಿಂಧು ಆರು ತಿಂಗಳ ಬಸುರಿ. ರಕ್ತ ಎಂಟಕ್ಕೆ ಇಳಿದಿದೆ, ದಿನಾ ಸೊಪ್ಪು ತಿನ್ನಿಸಿ ಎಂದು ನರ್ಸ್ ಹೇಳಿದ್ದಾಳೆ.

ಎದುರು ಮನೆಯ ಸುಚಿತ್ರಾಗೆ ಮಾತ್ರ ಪ್ರತಿ ಭಾನುವಾರ ಸೋಲೂರಿನಿಂದ ಅತ್ತೆ ಬಸ್ಸಿಗೆ ಹಾಕಿದ ಚೀಲ ಬರುತ್ತಿತ್ತು. ರಾಗಿ ಹೊಲದಲ್ಲಿ ಕಿತ್ತ ಬೆರಕೆ ಸೊಪ್ಪು. ಆ ಚೀಲ ಕಂಡರೆ ಮುನಿತಾಯಮ್ಮನಿಗೆ ಹೊಟ್ಟೆಯಲ್ಲಿ ಕೆಂಡ. ಬಸುರಿಯೂ ಅಲ್ಲ, ಬಾಣಂತಿಯೂ ಅಲ್ಲ, ಇವಳಿಗ್ಯಾಕೆ ಅಷ್ಟು ಸೊಪ್ಪು?

ಪೇಟೆಯಲ್ಲಿ ಬೆಳೆದ ಸುಚಿತ್ರಾ ಜಗಲಿಯಲ್ಲಿ ಕೂತು ದಂಟು, ಕೀರೆ ಆರಿಸಿಕೊಂಡು ಮಿಕ್ಕಿದ್ದನ್ನು ಚರಂಡಿ ಪಕ್ಕ ಎಸೆಯುತ್ತಿದ್ದಳು. ಎಸೆದಿದ್ದು ಅಣ್ಣೆ, ಗಣಿಕೆ, ಗೋಣಿ ಸೊಪ್ಪು. ಕುರಿ ಹಿಂದೆ ಹೊಲಹೊಲ ಅಲೆದು ಬೆಳೆದ ಮುನಿತಾಯಮ್ಮನಿಗೆ ಅವೆಲ್ಲ ಸಾರಿಗೆ ಬರುವ ಸೊಪ್ಪೆಂದು ದೂರದಿಂದಲೇ ಗೊತ್ತಾಯಿತು. ಅವಳಿಗೆ ಹೊಲವಿದೆ, ಗುರುತಿಲ್ಲ. ತನಗೆ ಗುರುತಿದೆ, ಹೊಲವಿಲ್ಲ. ಹೇಳಿಕೊಡಲು ಮನಸ್ಸು ಬರಲಿಲ್ಲ.

“ಆ ಕಳೆನ ಇತ್ಲಾಗ್ ಕೊಡವ್ವ, ಮೇಕೆಗಾಯ್ತದೆ.”

“ತಕಳಿ ಮುನಿತಾಯಕ್ಕ, ನಂಗೂ ಗುಡಿಸೋದ್ ತಪ್ತು.”

ಬಾಗಿಲಲ್ಲಿ ಕಟ್ಟಿದ್ದ ಮೇಕೆಗೆ ಒಂದೆಲೆಯೂ ದಕ್ಕಲಿಲ್ಲ. ಆರು ವಾರ ಹೀಗೇ ನಡೆಯಿತು. ಸಿಂಧುವಿನ ರಕ್ತ ಒಂಬತ್ತೂವರೆಗೆ ಏರಿತು. ಏಳನೇ ಭಾನುವಾರ ಮಸ್ಸೊಪ್ಪಿನ ಒಗ್ಗರಣೆ ಘಮಕ್ಕೆ ಸುಚಿತ್ರಾ ಎದ್ದೇ ಬಂದಳು. ಸಿಂಧು ಮುದ್ದೆ ಮುರಿಯುತ್ತಿದ್ದಳು. ಒಲೆ ಪಕ್ಕದ ಮೊರದಲ್ಲಿ ಬೆಳಗ್ಗೆ ಕೊಟ್ಟ ಕಳೆ ಅರ್ಧ ಉಳಿದಿತ್ತು.

“ಮೇಕೆಗೆ ಅಂದಿದ್ರಿ?”

ಮುನಿತಾಯಮ್ಮ ಮೊರವನ್ನು ಒಲೆ ಹಿಂದಕ್ಕೆ ಸರಿಸಿದಳು. ಸಿಂಧು ನಕ್ಕಳು. “ಆ ಮೇಕೆ ನಾನೇ ಕಣಕ್ಕ.”

ಸುಚಿತ್ರಾ ನಗಲಿಲ್ಲ. ಮುಂದಿನ ಭಾನುವಾರ ಚೀಲ ಬಂತು, ಅವಳ ಬಾಗಿಲು ಮುಚ್ಚಿಕೊಂಡಿತು. ಮುನಿತಾಯಮ್ಮ ಹತ್ತು ಸಲ ಹೊರಗೆ ಬಂದು ನೋಡಿದಳು. ಚರಂಡಿ ಪಕ್ಕ ಒಂದು ಕಡ್ಡಿಯೂ ಬೀಳಲಿಲ್ಲ. ಮಧ್ಯಾಹ್ನ ಸುಚಿತ್ರಾಳೇ ಚೀಲ ಎತ್ತಿಕೊಂಡು ಬಂದು ದೊಪ್ಪನೆ ಇಟ್ಟಳು.

“ಯಾವ್ದು ತಿನ್ನೋದು, ಯಾವ್ದು ಬಿಸಾಕೋದು, ನಂಗೊಂದೂ ಗೊತ್ತಾಯ್ತಿಲ್ಲ. ನೀವೇ ಆರಿಸ್ಕೊಡಿ. ಅರ್ಧ ನಿಮ್ಗೆ.”

ಮುನಿತಾಯಮ್ಮ ಎರಡು ಗುಡ್ಡೆ ಮಾಡತೊಡಗಿದಳು. ಸ್ವಲ್ಪ ಹೊತ್ತು ನೋಡಿದ ಸುಚಿತ್ರಾ ಕೇಳಿದಳು: “ಎಳೇದೆಲ್ಲ ನಿಮ್ ಕಡೀಕೇ ಹೋಯ್ತಾ ಐತಲ್ಲ?”

“ಮೇಕೆ ಬಸುರಿ ಕಣವ್ವ,” ಎಂದಳು ಮುನಿತಾಯಮ್ಮ, ಕೈ ನಿಲ್ಲಿಸದೆ.